ಕುರಿಮರಿಯ ಪೆಲೆಟ್ಟಿಗೆ ಉಪ್ಪು

ನಿಮ್ಮ ಕೆಲಸ ಏನೆಂದು ಯಾರಾದರೂ ಕೇಳಿದರೆ ಮೊದಲೆಲ್ಲ ಗಂಭೀರವಾಗಿ "ಪಶು ಆಹಾರದ ವಿಶ್ಲೇಷಣೆ" ಎನ್ನುತ್ತಿದ್ದೆ. ಕೇಳಿದವರು "ಅಂದ್ರೆ?" ಎನ್ನುತ್ತಿದ್ದರು. ಈಗ ಅಷ್ಟು ಸುತ್ತಿ ಬಳಸಿ ಹೇಳುವುದಿಲ್ಲ. ಕುರಿ ಎಷ್ಟು ತಿಂದಿತು, ಎಷ್ಟು ಹಿಕ್ಕೆ ಹಾಕಿತು, ನಡುವೆ ಎಷ್ಟು ಅದರ ಮೈಗೆ ಹತ್ತಿತು ಎಂದು ಲೆಕ್ಕ ಹಾಕುವವಳು ನಾನು. ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಯಲ್ಲಿ ಜೀವನವಿಡೀ ಸಂಸ್ಕೃತ ಪಾಠ ಹೇಳಿದ ಅಪ್ಪನಿಗೆ ಮಗಳ ಈ ವೃತ್ತಿಯಿಂದ ಮೊದಮೊದಲು ಇರುಸುಮುರುಸಾದದ್ದು ನಿಜ. ಆಮೇಲೆ ಅವರೇ ಅದನ್ನು ತಮಾಷೆಗೆ ತಿರುಗಿಸಿಕೊಂಡರು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೇಳುತ್ತಾರೆ, "ಏನಮ್ಮಾ, ಇವತ್ತು ನಿನ್ನ ಕುರಿಗಳಿಗೆ ಜೀರ್ಣ ಆಯ್ತೋ?" "ಅವಕ್ಕೆ ಆಯ್ತು, ನಿಮಗೆ ಆಯ್ತಾ?" ಎಂದು ನಾನೂ ಬಿಡುವುದಿಲ್ಲ. ಮಧ್ಯಾಹ್ನ ಹಲಸಿನ ಹಪ್ಪಳ ತಿಂದಿದ್ದ ದಿನ ಅವರು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಾರೆ.

ಈಗ ಹೇಳಹೊರಟಿರುವುದು ಭದ್ರಾವತಿಯ ಜನ್ನಾಪುರದ ಒಂದು ಕುರಿಮರಿಯ ವಿಷಯ. ಅದರ ಒಡತಿ ನನ್ನ ಗೆಳತಿ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಮದುವೆಯಾಗಿ ಜನ್ನಾಪುರ ಸೇರಿದವಳು ಬಹಳ ವರ್ಷ ಒಂದು ಆಫೀಸಿನಲ್ಲಿ ಕೆಲಸ ಮಾಡಿ, ಸಾಕಾಗಿ ಬಿಟ್ಟು, ಕುರಿ ಸಾಕುತ್ತೇನೆಂದು ಹೊರಟಳು. ಅವಳ ಗಂಡ ಶಾಲೆಯ ವ್ಯಾನ್ ಓಡಿಸುತ್ತಾರೆ. ಬೇಡವೆನ್ನುವ ಸ್ವಭಾವ ಅವರದಲ್ಲ. ಬೇಡವೆನ್ನಬಹುದಾಗಿದ್ದವರು ಅವಳ ಅತ್ತೆ. ಆ ಮನೆಯ ಬೀಗದ ಕೈ ಇಂದಿಗೂ ಅವರ ಸೊಂಟದಲ್ಲೇ ಇದೆ. ಸೊಸೆ ಕೇಳಿದಾಗ ಅವರು ಒಂದು ದಿನ ಮಾತಾಡಲಿಲ್ಲವಂತೆ. ಮಾರನೆಯ ದಿನ ಹಿತ್ತಲಿನಲ್ಲಿದ್ದ ತಮ್ಮ ತೊಂಡೆ ಚಪ್ಪರವನ್ನು ತಾವೇ ನಿಂತು ಕೀಳಿಸಿ, "ಶೆಡ್ ಇಲ್ಲಿ ಹಾಕ್ಸು. ಆದ್ರೆ ಕುರಿ ತುಳಸಿ ಕಟ್ಟೆಯಿಂದ ಈಚೆ ಬರಕೂಡ್ದು, ಹೇಳಿದೀನಿ" ಎಂದರಂತೆ. ಹಾಗಾಗಿ ಗೆಳತಿಗೆ ಅದು ಆಟದ ಮಾತಾಗಿರಲಿಲ್ಲ. ಅತ್ತೆಯ ತೊಂಡೆಬಳ್ಳಿಯ ಋಣ ಅವಳ ತಲೆಯ ಮೇಲಿತ್ತು.

ತೊಂದರೆ ಶುರುವಾದದ್ದು ಮರಿಗಳ ತಿಂಡಿಯಿಂದ. ಹಿಂಡಿ, ಬೂಸಾ, ಜೋಳದ ನುಚ್ಚು ಬೆರೆಸಿ ತೊಟ್ಟಿಗೆ ಸುರಿದರೆ ಆ ಕಳ್ಳಮರಿಗಳು ಮೂತಿಯಿಂದ ಕೆದಕಿ ಕೆದಕಿ ನುಚ್ಚನ್ನಷ್ಟೇ ತಿಂದು ಉಳಿದದ್ದನ್ನು ಅಲ್ಲೇ ಬಿಡುತ್ತಿದ್ದವು. ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುವ ಮಕ್ಕಳಂತೆ. ಹಾಗೆ ತಿಂದರೆ ಒಂದಕ್ಕೆ ಹೊಟ್ಟೆ ಕೆಡುತ್ತದೆ, ಇನ್ನೊಂದು ಬಡಕಲಾಗಿ ಉಳಿಯುತ್ತದೆ. ಅದಕ್ಕೆ ಮದ್ದು ಪೆಲೆಟ್. ಎಲ್ಲವನ್ನೂ ನುಣ್ಣಗೆ ಪುಡಿ ಮಾಡಿ, ಸ್ವಲ್ಪ ಕಾಕಂಬಿ ಸೇರಿಸಿ, ಯಂತ್ರದಲ್ಲಿ ಒತ್ತಿ ಸಣ್ಣ ಸಣ್ಣ ಕಡ್ಡಿಯಾಗಿ ಇಳಿಸುವುದು. ಪ್ರತಿ ತುಂಡಿನಲ್ಲೂ ಎಲ್ಲವೂ ಇರುತ್ತದೆ. ಆರಿಸಿ ತಿನ್ನುವ ಜಾಣತನ ಅಲ್ಲಿ ನಡೆಯುವುದಿಲ್ಲ.

ಅವಳು ಒಂದು ಚಿಕ್ಕ ಯಂತ್ರ ತಂದಳು, ಏನೇನು ಎಷ್ಟೆಷ್ಟು ಬೆರೆಸಬೇಕೆಂದು ನಾನು ಪಾಕ ಬರೆದುಕೊಟ್ಟೆ. ಬಲಕ್ಕೆ ಮೆಕ್ಕೆಜೋಳ, ಮೈ ತುಂಬಲು ಶೇಂಗಾ ಹಿಂಡಿ, ಹೊಟ್ಟೆ ಸರಿಯಾಗಿ ಆಡಲು ಹುರುಳಿ ಹೊಟ್ಟು. ಭದ್ರಾವತಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಗೋಧಿ ಬೂಸಾ ಮತ್ತು ಅಕ್ಕಿ ತೌಡನ್ನು ಧಾರಾಳವಾಗಿಯೇ ಸೇರಿಸಿದೆ. ಬೂಸಾ ತೌಡುಗಳಲ್ಲಿ ರಂಜಕ, ಅಂದರೆ ಫಾಸ್ಫರಸ್, ಜಾಸ್ತಿ. ಅದನ್ನು ಸರಿದೂಗಿಸಲು ಸುಣ್ಣದ ಪುಡಿ ಬೇಕೇ ಬೇಕು. ಜೊತೆಗೆ ಉಪ್ಪು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವ ಮಾತು ಕುರಿಗೂ ಸಲ್ಲುತ್ತದೆ. ಗಂಡು ಮರಿಗಳು ಚೆನ್ನಾಗಿ ನೀರು ಕುಡಿದು ಚೆನ್ನಾಗಿ ಉಚ್ಚೆ ಹೊಯ್ಯುತ್ತಿರಬೇಕು, ಇಲ್ಲದಿದ್ದರೆ ಒಳಗೆ ಮರಳು ಕಟ್ಟುತ್ತದೆ. ಇದೆಲ್ಲ ನನಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು.

ಮೊದಲ ಸಲದ ಪೆಲೆಟ್ ಒಂದು ಭಾನುವಾರ ಬೆಳಿಗ್ಗೆ ನನ್ನ ಕಣ್ಣೆದುರೇ ಇಳಿಯಿತು. ಆಮೇಲೆ ಅದು ಎಷ್ಟು ಜೀರ್ಣವಾಗುತ್ತದೆ ಎಂದು ನೋಡುವ ಸರದಿ. ಅದಕ್ಕೆ ಮರಿಗಳ ಹಿಂದೆ ಚೀಲ ಕಟ್ಟಬೇಕು, ಬಿದ್ದ ಹಿಕ್ಕೆಯನ್ನೆಲ್ಲ ತೂಗಿ ಒಣಗಿಸಬೇಕು. ಕೊಟ್ಟದ್ದರಲ್ಲಿ ಬಿಟ್ಟದ್ದನ್ನು ಕಳೆದು, ಹೊರಗೆ ಬಂದದ್ದನ್ನೂ ಕಳೆದರೆ ಉಳಿದದ್ದು ಮರಿಯ ಪಾಲು. ಗೆಳತಿ ಹಳೆಯ ಛತ್ರಿಗಳ ಬಟ್ಟೆ ಬಿಚ್ಚಿ ಚೀಲ ಹೊಲಿದಳು. ಅತ್ತೆ ತುಳಸಿ ಕಟ್ಟೆಯ ಹತ್ತಿರ ನಿಂತು ನೋಡಿ, "ಒಳ್ಳೆ ಶಾಲೆಗೆ ಹೊರಟ ಹಾಗಿದಾವೆ ನೋಡು, ಬ್ಯಾಗು ಹಾಕ್ಕೊಂಡು! ಇವನ ವ್ಯಾನಿಗೇ ಹತ್ತಿಸಿ ಕಳಿಸ್ರೇ" ಎಂದು ನಕ್ಕರು.

ಮಾದರಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ನಾನು ಬಸ್ಸಿನಲ್ಲಿ ಶಿವಮೊಗ್ಗದ ನಮ್ಮ ಲ್ಯಾಬಿಗೆ ಒಯ್ಯುತ್ತಿದ್ದೆ. ಒಮ್ಮೆ ಪಕ್ಕದಲ್ಲಿ ಕೂತ ಹೆಂಗಸು ಡಬ್ಬಿಯ ಮೇಲೇ ಕಣ್ಣಿಟ್ಟು, "ಏನ್ರೀ ಅದು, ಕೋಡುಬಳೆನಾ?" ಎಂದು ಕೇಳಿದರು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಅಲ್ರೀ, ಕುರಿ ಹಿಕ್ಕೆ" ಎಂದೆ. ಶಿವಮೊಗ್ಗದವರೆಗೆ ಆ ಸೀಟು ಪೂರ್ತಿ ನನ್ನದಾಯಿತು. ಅಪ್ಪನಿಗೆ ಹೇಳಿದರೆ ಅವರು, "ಕುರಿಗಾದ್ರೆ ಛತ್ರಿ ಬಟ್ಟೆ ಸಾಕಾಯ್ತು. ನಾಳೆ ಸಕ್ರೆಬೈಲಿನ ಆನೆಗೆ ಚೀಲ ಕಟ್ಟು ಅಂದ್ರೆ ಏನ್ ಮಾಡ್ತೀಯ, ಮದುವೆ ಶಾಮಿಯಾನ ತರ್ತೀಯಾ?" ಎಂದರು.

ಆದರೆ ಫಲಿತಾಂಶ ನೋಡಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ತಿಂದದ್ದರಲ್ಲಿ ದೊಡ್ಡ ಪಾಲು ಮರಿಗಳ ಮೈಗೇ ಹತ್ತಿತ್ತು. ಹುರುಳಿ ಹೊಟ್ಟು ಕೂಡ ನಾನೆಣಿಸಿದ್ದಕ್ಕಿಂತ ಚೆನ್ನಾಗಿ ಅರಗಿತ್ತು. ಬೇರೆಯವರ ಪಾಕಗಳಲ್ಲಿ ತಪ್ಪು ಹುಡುಕಿ ಹುಡುಕಿ ವಯಸ್ಸು ಕಳೆದ ನನಗೆ ಸ್ವಂತ ಪಾಕವೊಂದು ಗೆದ್ದದ್ದು ಅದೇ ಮೊದಲು. ಗೆಳತಿಗೆ ಫೋನಿನಲ್ಲಿ ಹೇಳಿದಾಗ ಅವಳು ಅತ್ತುಬಿಟ್ಟಳು. ಮಳೆಗಾಲ ಸ್ವಲ್ಪ ಇಳಿದ ಮೇಲೆ ಅಕ್ಕಪಕ್ಕದವರಿಗೂ ಪೆಲೆಟ್ ಮಾಡಿ ಕೊಡುವುದೆಂದು ಮಾತಾಯಿತು.

ಅದಾಗಿ ಕೆಲವು ವಾರಗಳಲ್ಲಿ, ಒಂದು ಮಧ್ಯಾಹ್ನ ಅವಳ ಫೋನ್ ಬಂತು. "ಮಾರಾಯ್ತಿ, ದೊಡ್ಡ ಮರಿ ಯಾಕೋ ತಿಣುಕ್ತಾ ಇದೆ ಕಣೇ. ನಿನ್ನೆಯಿಂದ ಹೀಗೇ. ಹಿಕ್ಕೆ ಕಟ್ಟಿರಬೇಕು ಅಂತ ಹರಳೆಣ್ಣೆ ಕುಡಿಸ್ದೆ. ಏನೂ ಉಪಯೋಗ ಆಗ್ಲಿಲ್ಲ."

"ಹಿಕ್ಕೆ ಹಾಕಿಲ್ವಾ?"

"ಹಾಕಿದೆ. ಆದ್ರೂ ತಿಣುಕ್ತಾ ಇದೆ. ಬಾಲ ಒಂದೇ ಸಮ ಆಡಿಸುತ್ತೆ, ಹಲ್ಲು ಕಡಿಯುತ್ತೆ. ನೀರಂತೂ ಮುಟ್ತಾನೇ ಇಲ್ಲ."

"ನೀರು ಯಾವಾಗಿಂದ ಮುಟ್ತಿಲ್ಲ?"

"ಎಲ್ಲಾವೂ ಕಮ್ಮಿ ಮಾಡಿದಾವೆ ಕಣೇ, ಮಳೆಗಾಲ ಅಲ್ವಾ."

ಹಿಕ್ಕೆ ಹಾಕಿಯೂ ತಿಣುಕುವ ಗಂಡು ಮರಿಗೆ ಕಟ್ಟಿರುವುದು ಹಿಕ್ಕೆಯಲ್ಲ, ಉಚ್ಚೆ. ಟಗರಿನ ಮೂತ್ರನಾಳ ದಾರದಷ್ಟು ಸಣ್ಣದು, ಸುತ್ತಿ ಬಳಸಿ ಹೋಗುವಂಥದ್ದು. ಒಂದು ಹರಳು ಸಿಕ್ಕಿಕೊಂಡರೆ ಒಳಗಿನ ಚೀಲ ಉಬ್ಬುತ್ತಾ ಹೋಗಿ ಒಡೆಯುತ್ತದೆ. ಒಡೆದರೆ ಮುಗಿಯಿತು. ಡಾಕ್ಟರಿಗೆ ತಕ್ಷಣ ಹೇಳು, ಹರಳೆಣ್ಣೆ ಬಾಟಲಿ ದೂರ ಇಡು ಎಂದು ಕೂಗಿ, ಸಿಕ್ಕಿದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಮನಸ್ಸಿನಲ್ಲಿ ಪಾಕವನ್ನು ಮತ್ತೆ ಮತ್ತೆ ಕೂಡಿಸಿ ಕಳೆದೆ. ಬೂಸಾ ಹೆಚ್ಚು ಹಾಕಿಸಿದೆನೇ? ಸುಣ್ಣ ಸಾಲದಾಯಿತೇ? ಸುಲಭಕ್ಕೆ ಸಿಗುತ್ತದೆಂದು ತೌಡಿನ ಕಡೆಗೆ ಕೈ ಸಡಿಲ ಬಿಟ್ಟೆನೇ? ಹರಳು ಕಟ್ಟಿಸುವ ತಿಂಡಿಯೆಂದರೆ ಯಾವುದು ಎಂದು ಯಾರಾದರೂ ಕೇಳಿದರೆ ನಾನೇ ವಿವರಿಸಿ ಹೇಳುತ್ತಿದ್ದೆ. ಅಂಥದ್ದನ್ನೇ ನಾನು ಬರೆದುಕೊಟ್ಟಿದ್ದರೆ? ಶೆಡ್ಡಿನಲ್ಲಿರುವ ಉಳಿದ ಗಂಡು ಮರಿಗಳೂ ಅದನ್ನೇ ತಿಂದಿವೆ. ಜೀರ್ಣದ ಲೆಕ್ಕ ನೋಡಿ ಕುಣಿದವಳು ಉಚ್ಚೆಯ ಕಡೆ ತಿರುಗಿ ನೋಡಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ. ಕಂಡಕ್ಟರು ಚಿಲ್ಲರೆ ಕೇಳಿದ್ದಕ್ಕೂ ಸಿಡುಕಿದೆ, ಪಾಪ.

ಹೋಗಿ ನೋಡಿದರೆ ಮರಿ ಬೆನ್ನು ಬಾಗಿಸಿ, ಕಾಲು ಚಾಚಿ ನಿಂತಿತ್ತು. ಇರುವ ಮರಿಗಳಲ್ಲೆಲ್ಲ ಅದೇ ಹೊಟ್ಟೆಬಾಕ. ಬಕೀಟಿನ ಸದ್ದು ಕೇಳಿದರೆ ಮೊದಲು ಓಡಿಬರುವುದು ಅದೇ, ಎಲ್ಲಕ್ಕಿಂತ ಹೆಚ್ಚು ಪೆಲೆಟ್ ಒಳಗಿಳಿಸಿದ್ದೂ ಅದೇ. ಈಗ ಕತ್ತು ಕೂಡ ಎತ್ತಲಿಲ್ಲ. ಹೊಟ್ಟೆಯ ಕೆಳಗೆ ಕೈ ಹಾಕಿದೆ. ಒದ್ದೆ ಇರಬೇಕಾದ ಕೂದಲು ಒಣಗಿ, ಬೆರಳಿಗೆ ಸಕ್ಕರೆ ಕಾಳಿನಂಥ ಪುಡಿ ತಾಗಿತು. ಅನುಮಾನವೇ ಉಳಿಯಲಿಲ್ಲ.

ಗೆಳತಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಪೆಲೆಟ್ಟಿಂದಾನೇನೇ?" ಎಂದು ಕೇಳಿದಳು. ತೊಟ್ಟಿಯಲ್ಲಿದ್ದ ಪೆಲೆಟ್ ಒಂದನ್ನು ತೆಗೆದುಕೊಂಡು ಮೂಸಿದೆ. ಆಮೇಲೆ, ಲ್ಯಾಬಿನಲ್ಲಿ ಯಾವುದನ್ನೂ ಬಾಯಿಗೆ ಹಾಕಬಾರದೆಂದು ಹೊಸಬರಿಗೆಲ್ಲ ಬೈಯುವ ನಾನು, ಅದನ್ನು ಕಚ್ಚಿದೆ. ಜೋಳ, ಹಿಂಡಿ, ಕಾಕಂಬಿಯ ಸಿಹಿ ಎಲ್ಲ ನಾಲಿಗೆಗೆ ತಿಳಿಯಿತು. ಇನ್ನೊಂದನ್ನು ಕಚ್ಚಿದೆ. ಮೂಟೆಯೊಳಗಿನಿಂದ ಒಂದು ಹಿಡಿ ತೆಗೆದು ಅದನ್ನೂ ನೋಡಿದೆ. ಎಲ್ಲ ಸಪ್ಪೆ.

"ಇದಕ್ಕೆ ಉಪ್ಪು ಹಾಕಿಲ್ಲ" ಎಂದೆ.

"ಹೇ, ಹಾಕಿರ್ತಾರೆ ಕಣೇ. ಒತ್ತೋದೆಲ್ಲ ಇವರೇ ಅಲ್ವಾ. ನೀನು ಬರೆದ ಚೀಟಿ ಯಂತ್ರದ ಮೇಲೇ ಅಂಟಿಸಿದೀವಿ."

ಅಷ್ಟರಲ್ಲಿ ಶಾಲೆಯ ಮಕ್ಕಳನ್ನು ಇಳಿಸಿ ಅವಳ ಗಂಡ ಬಂದರು. ಅವರನ್ನು ನಾನು ಭಾವ ಎನ್ನುತ್ತೇನೆ. ಕೈಕಾಲು ತೊಳೆಯಲೂ ಬಿಡದೆ ಕೇಳಿದೆ, "ಭಾವ, ಪೆಲೆಟ್ಟಿಗೆ ಉಪ್ಪು ಹಾಕಿದ್ರಾ?"

ಅವರು ಹೆಂಡತಿಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಅಮ್ಮ ಕೊಡ್ಲಿಲ್ಲ" ಎಂದರು.

"ಯಾವತ್ತು ಕೊಡ್ಲಿಲ್ಲ?"

"ಯಾವತ್ತೂ ಕೊಡ್ಲಿಲ್ಲ."

"ಮತ್ತೆ ಸುಣ್ಣದ ಪುಡಿ?"

"ಅದನ್ನೂ ಕೊಡ್ಲಿಲ್ಲ."

ಆಗ ಎಲ್ಲ ಬಿಚ್ಚಿಕೊಂಡಿತು. ಮಳೆಗಾಲದಲ್ಲಿ ಶೆಡ್ಡಿನ ತೇವಕ್ಕೆ ಉಪ್ಪು ನೀರಾಗುತ್ತದೆಂದು ಅದರ ಡಬ್ಬವನ್ನೂ ಸುಣ್ಣದ ಪುಡಿಯ ಚೀಲವನ್ನೂ ಅತ್ತೆಯ ಉಗ್ರಾಣದಲ್ಲಿ ಇಟ್ಟಿದ್ದರು. ಭಾವ ವ್ಯಾನ್ ನಿಲ್ಲಿಸಿ, ಕಾಫಿ ಕುಡಿದು, ಯಂತ್ರ ಹಾಕುವ ಹೊತ್ತಿಗೆ ಒಳಗೆ ದೇವರ ದೀಪ ಹಚ್ಚಿಯಾಗಿರುತ್ತಿತ್ತು. ದೀಪ ಹಚ್ಚಿದ ಮೇಲೆ ಆ ಮನೆಯಿಂದ ಉಪ್ಪು ಹೊರಗೆ ಹೋಗುವುದಿಲ್ಲ, ಸುಣ್ಣವೂ ಹೋಗುವುದಿಲ್ಲ. ಯಂತ್ರವಿದ್ದದ್ದು ಹಿತ್ತಲಲ್ಲಾದರೂ ಹಿತ್ತಲ ಬಾಗಿಲಿಗೂ ಹೊಸ್ತಿಲಿದೆಯಲ್ಲ. ಬೆಳಗಿನ ಹೊತ್ತು ನನ್ನ ಕಣ್ಣೆದುರು ಇಳಿದ ಮೊದಲ ಸಲದ ಪೆಲೆಟ್ಟಿಗೆ ಮಾತ್ರ ಎರಡೂ ಬಿದ್ದಿದ್ದವು.

ಗದ್ದಲ ಕೇಳಿ ಅತ್ತೆ ಬಾಗಿಲಿಗೆ ಬಂದಿದ್ದರು. "ನಾನೇನು ಕೊಡಲ್ಲ ಅಂದ್ನಾ? ಬೆಳಿಗ್ಗೆ ತಗೋ ಅಂತ ಪ್ರತಿ ಸಲಾನೂ ಹೇಳ್ದೆ. ಬೆಳಿಗ್ಗೆ ಎದ್ದವನು ವ್ಯಾನ್ ಹತ್ತಿ ಓಡ್ತಾನೆ. ದೀಪ ಹಚ್ಚಿದ್ಮೇಲೆ ಉಪ್ಪು ಸುಣ್ಣ ಯಾರಾದ್ರೂ ಹೊರಗೆ ಕೊಡ್ತಾರೇನಮ್ಮ? ಮನೆ ಲಕ್ಷ್ಮೀನ ಕೈಯಾರೆ ಕಳಿಸಿದ ಹಾಗೆ."

"ಒಂದು ಮುಷ್ಟಿ ಉಪ್ಪಿಗೆ ಏನಾಗುತ್ತೆ ಅಂದ್ಕೊಂಡೆ" ಎಂದರು ಭಾವ, ತಲೆ ಕೆರೆದುಕೊಂಡು. "ಕುರಿಗೇನು ಸಾರು ಸಪ್ಪೆ ಅಂತ ಗೊತ್ತಾಗುತ್ತಾ ಅಂತ."

ಗೆಳತಿ ತಲೆ ಮೇಲೆ ಕೈಹೊತ್ತು ಕೂತಳು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಬೈಯುವ ಮೊದಲೇ ಅಮ್ಮನ ನೆನಪಾಯಿತು. ನಮ್ಮ ಮನೆಯೇನು ಕಡಿಮೆಯೇ? ಹೆಪ್ಪಿಗೆ ಮೊಸರು ಕೇಳಿಕೊಂಡು ಮುಸ್ಸಂಜೆಯಲ್ಲಿ ಬಂದ ಪಕ್ಕದ ಮನೆಯವರನ್ನು ಅಮ್ಮ ಇದ್ದಷ್ಟು ಕಾಲವೂ ಬರಿಗೈಯಲ್ಲಿ ಕಳಿಸಿದ್ದಾಳೆ. ನಾನು ಕೂಡ ಇಂದಿಗೂ ಸಂಜೆಯ ಮೇಲೆ ಯಾರಿಗೂ ಸೂಜಿ ಕೊಡುವುದಿಲ್ಲ. ನಾನು ಪಾಕ ಬರೆದದ್ದು ಕುರಿಗಳ ಹೊಟ್ಟೆ ನೋಡಿ. ಆ ಮನೆಯ ಹೊಸ್ತಿಲು ನನ್ನ ತಲೆಗೇ ಬಂದಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಆ ಕೋಪದ ಅಡಿಯಲ್ಲಿ ನನಗೆ ದೊಡ್ಡದೊಂದು ನಿರಾಳವೂ ಆಯಿತು. ನನ್ನ ಪಾಕ ಸರಿಯಾಗಿಯೇ ಇತ್ತು. ನಾನು ಬೇಕೆಂದ ಎರಡೂ ವಸ್ತುಗಳಿಲ್ಲದೆ ಹೋದದ್ದರಿಂದಲೇ ಹೀಗಾಗಿತ್ತು. ಬಸ್ಸಿನಲ್ಲಿ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಆದರೆ ನನ್ನ ಕಲ್ಲು ಇಳಿದರೇನು ಬಂತು, ಮರಿಯದು ಅಲ್ಲೇ ಇತ್ತಲ್ಲ. ಅದು ಇನ್ನೊಮ್ಮೆ ತಿಣುಕಿ, ಹಲ್ಲು ಕಡಿದು, ಗೋಡೆಗೆ ತಲೆಯಾನಿಸಿ ನಿಂತಿತು. ಅತ್ತೆ ಅದನ್ನೇ ನೋಡುತ್ತಿದ್ದರು. "ನಾನು ಉಪ್ಪು ಕೊಡದೇ ಇದ್ದಿದ್ದಕ್ಕಾ ಇದಕ್ಕೆ ಹೀಗಾಗಿರೋದು?" ಎಂದು ನನ್ನನ್ನು ಕೇಳಿದರು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲವೆಂದೆನಲ್ಲ, ಆದರೆ ಆ ಹೊತ್ತಿನಲ್ಲಿ "ಹೌದು" ಎನ್ನುವ ಬದಲು ಬಗ್ಗಿ ಮರಿಯ ಬೆನ್ನು ಸವರಿದೆ. ಅವರಿಗೆ ಅರ್ಥವಾಯಿತು.

ಡಾಕ್ಟರು ಸ್ಕೂಟರಿನಲ್ಲಿ ಬಂದಾಗ ಬೆಳಕಿನ್ನೂ ಇತ್ತು. ಗಡಿಬಿಡಿಯಿಲ್ಲದ ಮನುಷ್ಯ. ಮರಿಯ ಕೆಳಹೊಟ್ಟೆ ಒತ್ತಿ ನೋಡಿ, "ಚೀಲ ಒಡೆದಿಲ್ಲ, ಪುಣ್ಯ" ಎಂದರು. ಇಂಜೆಕ್ಷನ್ ಕೊಟ್ಟು, ಭಾವನ ತೊಡೆಗೊರಗಿಸಿ ಮರಿಯನ್ನು ಮನುಷ್ಯರಂತೆ ಕೂರಿಸಿದರು. ಟಗರಿನ ಮೂತ್ರನಾಳದ ತುದಿಯಲ್ಲಿ ಹುಳದಂತೆ ಒಂದು ಸಣ್ಣ ಎಳೆ ಇರುತ್ತದೆ. ಹರಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಅದರಲ್ಲೇ. ಅವರು ಅದನ್ನು ಕತ್ತರಿಸಿ ಅಂಗೈ ಮೇಲಿಟ್ಟು ತೋರಿಸಿದರು. ಒಳಗೆ ಮರಳು ತುಂಬಿ ಗಟ್ಟಿಯಾಗಿತ್ತು. ನಾವೆಲ್ಲ ಬಾಗಿ ನೋಡಿದೆವು. ಎರಡು ಹನಿ ಬಂತು, ಕೆಂಪಗೆ. ಮತ್ತೊಂದು ಹನಿ. ನಿಂತುಹೋಯಿತು.

"ತುದಿ ಬಿಟ್ಟಿದೆ" ಎಂದರು ಡಾಕ್ಟರು. "ಮೇಲೆ ಇನ್ನೂ ಹರಳು ಇದ್ರೆ ನಂಗೂ ಕಾಣಲ್ಲ. ನವಸಾಗರ ಅಳತೆ ಮಾಡಿ ಕುಡಿಸ್ತೀನಿ, ಅದು ಹರಳು ಕರಗಿಸುತ್ತೆ. ನೀರಿಗೆ ಒಂಚೂರು ಉಪ್ಪು ಹಾಕಿ ಮುಂದೆ ಇಡಿ. ಬಲವಂತ ಬೇಡ, ತಾನಾಗೇ ಸ್ವಲ್ಪ ಸ್ವಲ್ಪ ಕುಡಿದ್ರೆ ಒಳ್ಳೇದು. ಸ್ವಲ್ಪ ಹೊತ್ತಲ್ಲಿ ಧಾರೆ ಬಂತೋ, ಗೆದ್ರಿ. ಬರ್ಲಿಲ್ಲ ಅಂದ್ರೆ ಶಿವಮೊಗ್ಗಕ್ಕೆ ತಗೊಂಡು ಹೋಗಿ ಹೊಟ್ಟೆ ಕೊಯ್ಸಬೇಕು. ಉಳಿಯುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ."

ಇಷ್ಟು ಹೇಳಿ ನವಸಾಗರದ ನೀರು ಕುಡಿಸಿ, ಇನ್ನೊಂದು ಮನೆಯ ಹಸು ನೋಡಿಕೊಂಡು ಇದೇ ದಾರಿಯಲ್ಲಿ ವಾಪಸ್ಸು ಬರುತ್ತೇನೆಂದು ಹೋದರು. ಕಲಾಯಿ ಹಾಕುವವರು ಪಾತ್ರೆಗೆ ಉಜ್ಜುವ ನವಸಾಗರವನ್ನು ಕುರಿಗೆ ಕುಡಿಸಿದ್ದನ್ನು ಬೇರೆ ದಿನವಾಗಿದ್ದರೆ ಅತ್ತೆ ಊರಿಗೆಲ್ಲ ಹೇಳಿ ನಗುತ್ತಿದ್ದರು. ಅವತ್ತು ಅವರು ನೇರ ಒಳಗೆ ಹೋದರು. ಹೊತ್ತು ಮುಳುಗಿತ್ತು. ಅವರು ದೀಪ ಹಚ್ಚುವುದು ಹಿತ್ತಲ ಬಾಗಿಲಿನಿಂದ ನನಗೆ ಕಾಣಿಸುತ್ತಿತ್ತು.

ಗೆಳತಿ ಬಕೀಟಿನಲ್ಲಿ ನೀರು ತಂದಿಟ್ಟಳು. ಮರಿ ಮೂತಿ ಕೂಡ ತಿರುಗಿಸಲಿಲ್ಲ. ಉಪ್ಪು ಬೇಕಿತ್ತು. ಭಾವ ಹೊಸ್ತಿಲಿನವರೆಗೆ ಹೋಗಿ, ಆಚೆಯೇ ನಿಂತು "ಅಮ್ಮಾ" ಎಂದು ಒಂದೇ ಒಂದು ಸಲ ಕರೆದರು. ಅಷ್ಟು ದೊಡ್ಡ ಗಂಡಸಿನ ದನಿ ಅಷ್ಟು ಸಣ್ಣಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಅತ್ತೆ ಉಪ್ಪಿನ ಡಬ್ಬವನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದರು. ಹೊಸ್ತಿಲ ಒಳಗೆ ನಿಂತರು. ಹೆಜ್ಜೆ ಮುಂದೆ ಬರಲಿಲ್ಲ. ಮರಿಯನ್ನು ನೋಡುತ್ತಾರೆ, ಹಿಂದೆ ತಿರುಗಿ ದೀಪ ನೋಡುತ್ತಾರೆ. "ಈ ಮನೆಗೆ ಬಂದಾಗಿಂದ ಒಂದು ಸಂಜೇನೂ ದಾಟಿಸಿಲ್ವಲ್ಲೋ" ಎಂದರು. ಅವರು ಹಟ ಮಾಡುತ್ತಿರಲಿಲ್ಲ. ಮಗನ ಮನೆಯ ಸೌಭಾಗ್ಯ ತಮ್ಮ ಕೈಯಿಂದಲೇ ಹೊರಗೆ ಹೋದೀತೆಂದು ನಿಜವಾಗಿ ಹೆದರಿದ್ದರು. ಮರಿಯೂ ಸಾಯಬಾರದು ಅವರಿಗೆ. ಅವರ ಮುಖ ನೋಡಿ ನನ್ನ ಕೋಪ ಪೂರಾ ಇಳಿದುಹೋಯಿತು. ಬೀದಿ ಕೊನೆಯ ಅಂಗಡಿಗೆ ಓಡಿ ಉಪ್ಪು ತರುತ್ತೇನೆಂದು ಹೊರಟವಳನ್ನು ಅವರೇ ತಡೆದರು.

"ಏ, ನಿಲ್ಲಮ್ಮ! ನಿಮ್ಮಪ್ಪ ಸಂಸ್ಕೃತ ಮೇಷ್ಟ್ರಲ್ವಾ? ಉಪ್ಪು ಹೊರಗೆ ಹೋಗಬಾರ್ದು ಅಂತ ಇದೆ, ಸರಿ. ಕುರಿ ಒಳಗೆ ಬರಬಾರ್ದು ಅಂತ ಏನಾದ್ರೂ ಶಾಸ್ತ್ರದಲ್ಲಿ ಇದೆಯಾ?"

ಶಾಸ್ತ್ರದಲ್ಲಿ ಏನಿದೆ ಏನಿಲ್ಲ ಎಂದು ನನಗೆ ತಿಳಿದಿದ್ದು ಅಷ್ಟಕ್ಕಷ್ಟೇ. ಆದರೂ ಅಪ್ಪನ ವಿದ್ಯೆಯನ್ನೆಲ್ಲ ಗಂಟಲಿಗೆ ತಂದುಕೊಂಡು, "ಇಲ್ಲಮ್ಮ, ಎಲ್ಲೂ ಇಲ್ಲ" ಎಂದೆ.

"ಮತ್ತೇನ್ ನೋಡ್ತಾ ನಿಂತಿದೀಯೋ? ಎತ್ಕೊಂಡು ಬಾ ಒಳಗೆ!" ಎಂದು ಮಗನನ್ನು ಗದರಿಸಿದರು.

ತುಳಸಿ ಕಟ್ಟೆಯಿಂದ ಈಚೆ ಕುರಿಯ ಗೊರಸು ಬೀಳಬಾರದೆಂದಿದ್ದ ಮನೆಯೊಳಗೆ ಭಾವ ಆ ಭಾರದ ಮರಿಯನ್ನು ಹೆಗಲಿಗೆ ಹಾಕಿಕೊಂಡು ಬಂದರು. ಅಡುಗೆಮನೆ ದಾಟಿ ನಡುಮನೆಯಲ್ಲಿ, ದೇವರ ಕೋಣೆಯ ಎದುರಿಗೇ ಇಳಿಸಿದರು. ನುಣ್ಣನೆಯ ನೆಲದಲ್ಲಿ ಅದರ ಕಾಲು ಜಾರುತ್ತಿತ್ತು. ಗೆಳತಿ ಒಂದು ಗೋಣಿ ಹಾಸಿದಳು. ಅತ್ತೆ ತಮ್ಮ ಕೈಯಿಂದಲೇ ಉಪ್ಪು ತೆಗೆದು ನೀರಿಗೆ ಹಾಕಿ, ಕೈಗೆ ಅಂಟಿದ್ದನ್ನು ಮರಿಯ ತುಟಿಗೆ ಸವರಿದರು. ಅದು ನಾಲಿಗೆ ಚಾಚಿತು. ಮತ್ತೆ ಸವರಿದರು, ಮತ್ತೆ ನೆಕ್ಕಿತು. ಅವರ ಅಂಗೈಯನ್ನೇ ಹಿಡಿದು ನೆಕ್ಕತೊಡಗಿತು. ವಾರಗಟ್ಟಲೆ ಉಪ್ಪು ಕಾಣದ ಪ್ರಾಣಿ ಅದು. "ಕುಡಿಯೋ ಕಂದಾ, ನನ್ನಪ್ಪಾ, ಕುಡಿಯೋ" ಎನ್ನುತ್ತಾ ಅವರು ಬಕೀಟನ್ನು ಹತ್ತಿರ ಸರಿಸಿದರು. ಮರಿ ಮೂತಿ ಅದ್ದಿತು, ನಿಲ್ಲಿಸಿತು, ಮತ್ತೆ ಅದ್ದಿತು.

ಆಮೇಲೆ ಕಾಯುವುದು. ಒಂದು ಮನೆಯ ದೊಡ್ಡವರೆಲ್ಲ ಕುರಿಮರಿಯ ಹೊಟ್ಟೆಯ ಕೆಳಗೆ ಕಣ್ಣು ನೆಟ್ಟು ನೆಲದ ಮೇಲೆ ಕೂತಿದ್ದೆವು. ಎಷ್ಟೋ ಕಷ್ಟಗಳಿಗೆ ಹರಕೆ ಹೊತ್ತಿದ್ದೇನೆ, ಉಚ್ಚೆಗಾಗಿ ಹೊತ್ತದ್ದು ಅದೇ ಮೊದಲು. ಮರಿ ಸುಮ್ಮನೆ ನಿಂತಿತ್ತು. ಒಮ್ಮೆ ತಿಣುಕಿತು. ಏನೂ ಇಲ್ಲ. ಗೆಳತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವ ವ್ಯಾನಿನ ಕೀಲಿಗಾಗಿ ಜೇಬು ತಡಕಿದರು. ಶಿವಮೊಗ್ಗಕ್ಕೆ ಹೊರಡುವುದೇ ಸರಿ ಎಂದು ನಾನೂ ಏಳಲು ನೆಲಕ್ಕೆ ಕೈಯೂರಿದೆ.

ಕೈಗೆ ಬೆಚ್ಚಗೆ ತಾಗಿತು.

ಮೊದಲು ಹನಿ, ಆಮೇಲೆ ಎಳೆ, ಆಮೇಲೆ ಧಾರೆ. ಗೋಣಿ ತೊಯ್ದು, ನೆಲಕ್ಕಿಳಿದು, ನನ್ನ ಸೀರೆಯಂಚು ನೆನೆಸಿ, ದೇವರ ಕೋಣೆಯ ಕಡೆಗೆ ಹರಿಯತೊಡಗಿತು. ಗೆಳತಿ ನನ್ನನ್ನು ತಬ್ಬಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ, ನಾನಂತೂ ಅತ್ತುಬಿಟ್ಟೆ. ಭಾವ ಗಾಬರಿಯಿಂದ ಎದ್ದು, ಮೂಲೆಯಲ್ಲಿದ್ದ ನೆಲ ಒರೆಸುವ ಬಟ್ಟೆ ತೆಗೆದುಕೊಂಡು ದೇವರ ಕೋಣೆಯ ಬಾಗಿಲಿಗೆ ಅಡ್ಡ ಹಾಕಲು ಓಡಿದರು.

ಅತ್ತೆ ಕೂತಲ್ಲಿಂದಲೇ ಅವರನ್ನು ತಡೆದರು. ಅವರ ಸೀರೆಯೂ ಒದ್ದೆಯಾಗಿತ್ತು, ಎರಡು ಕೈಯೂ ಮರಿಯ ಕತ್ತಿನ ಮೇಲಿದ್ದವು.

"ಒರೆಸಬೇಡ್ವೋ, ಹೆದರಿ ನಿಲ್ಲಿಸಿಬಿಟ್ಟೀತು" ಎಂದರು. "ಹೋಗ್ಲಿ, ಎಲ್ಲಿಗೆ ಬೇಕಾದ್ರೂ ಹೋಗ್ಲಿ."